ಬೆಳಕು ಉಣ್ಣುವ ಉಪ್ಪು ಮತ್ತು ನಮ್ಮ ಕಾಕಾ

ನಾನು ಓದಿದ ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ವಿಲೇವಾರಿ ಸಮಿತಿಯ ಮೂವರು ಸದಸ್ಯರು ಕಳೆದ ತಿಂಗಳ ಒಂದು ಬೆಳಿಗ್ಗೆ, ಹನ್ನೊಂದರಿಂದ ಒಂದು ಗಂಟೆಯ ನಡುವೆ, ಎರಡು ದಶಕ ಜೋಪಾನವಾಗಿ ಉಳಿದುಬಂದಿದ್ದ ಜೀವಸಂಗ್ರಹವೊಂದನ್ನು ನಳದ ನೀರಿನಲ್ಲಿ ಕರಗಿಸಿ ಮೋರಿಗೆ ಬಿಟ್ಟರು. ಇದು ಕೈತಪ್ಪಿ ಆದದ್ದಲ್ಲ. ಮೂರು ಸಹಿ, ಒಂದು ಮೊಹರು ಬಿದ್ದಿರುವ ಕೆಲಸ. ವಿಲೇವಾರಿ ಪುಸ್ತಕದಲ್ಲಿ ಅವರು ಬರೆದದ್ದು 'ಬಣ್ಣಗೆಟ್ಟ ಹಳೆಯ ಉಪ್ಪು' ಎಂದು. ಮೂವರೂ ಡಾಕ್ಟರೇಟ್ ಪಡೆದವರು. ಒಬ್ಬರಂತೂ ಆ ಬಾಟಲಿಗಳಲ್ಲಿದ್ದ ಜೀವಿಗಳ ಮೇಲೆಯೇ ಪ್ರಬಂಧ ಪ್ರಕಟಿಸಿದವರು. ಆದ್ದರಿಂದ 'ಗೊತ್ತಿರಲಿಲ್ಲ' ಎಂಬ ಉತ್ತರ ಅವರಿಗೆ ಸಲ್ಲುವುದಿಲ್ಲ.

ನಲವತ್ತಕ್ಕೂ ಮೇಲಿದ್ದ ಬಾಟಲಿಗಳಲ್ಲಿ ಈಗ ಉಳಿದಿರುವುದು ಏಳು. ಅವನ್ನು ಉಳಿಸಿದ್ದು ಯಾರ ವಿವೇಕವೂ ಅಲ್ಲ. ಒಂದು ಗಂಟೆಗೆ ಊಟದ ಹೊತ್ತಾಯಿತು. ಸಮಿತಿ ಕೈತೊಳೆದುಕೊಂಡು ಎದ್ದಿತು. ಆ ಏಳನ್ನು ಮುಂದಿನ ತಿಂಗಳ ಕೊನೆಯ ಕೆಲಸದ ದಿನ ಸುರಿಯಬೇಕೆಂದು ಆದೇಶವಾಗಿದೆ.

ಆ ಬಾಟಲಿಗಳನ್ನು ತುಂಬಿಟ್ಟವರು ನಮ್ಮ ಪ್ರಯೋಗಾಲಯದ ಸಹಾಯಕರು. ನಿವೃತ್ತರಾಗಿ ಮೂರು ವರ್ಷವಾಯಿತು. "ಬರೀರಿ, ಖರೆ ನನ್ನ ಹೆಸರು ಹಾಕಬ್ಯಾಡ್ರಿ, ಪಿಂಚಣಿ ತಿನ್ನೋ ಮನಷ್ಯಾ ನಾನು" ಎಂದು ಅವರೇ ಹೇಳಿದ್ದರಿಂದ ಹೆಸರು ಹಾಕುತ್ತಿಲ್ಲ. ಹಾಕಿದರೂ ವಿಭಾಗದಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಪ್ರಾಧ್ಯಾಪಕರಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಅವರು ಕಾಕಾ. ವಿಜಾಪುರ ಕಡೆಯವರು, ಮೆಟ್ರಿಕ್ ಮುಗಿಸಿ, ಪುಣೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಸೋದರಮಾವನ ಬೆನ್ನು ಹಿಡಿದು ಬಂದು, ಇಲ್ಲೇ ಬೇರುಬಿಟ್ಟವರು. ಮರಾಠಿಯನ್ನು ಮರಾಠಿಗರಂತೆ ಆಡುತ್ತಿದ್ದರು, ಲೆಕ್ಕ ಮಾತ್ರ ಕನ್ನಡದಲ್ಲಿ ಎಣಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಿಂದ ಎಂ.ಎಸ್ಸಿ. ಓದಲು ಬಂದಾಗ ಅವರ ಪರಿಚಯವಾದದ್ದು ಒಂದು ಸಾಮೂಹಿಕ ಹತ್ಯೆಯ ಮೂಲಕ. ಕೊಂದವಳು ನಾನೇ. ಮೊದಲ ವಾರ ನನ್ನ ಕೈಗೆ ಟೊಮೆಟೊ ಸಾರಿನ ಬಣ್ಣದ ದ್ರಾವಣವೊಂದನ್ನು ಕೊಟ್ಟು, ಅದರಲ್ಲಿರುವ ಜೀವಕೋಶಗಳನ್ನು ಎಣಿಸಲು ಹೇಳಿದ್ದರು. ಎಣಿಸಬೇಕಾದರೆ ತೆಳು ಮಾಡಬೇಕು. ತೆಳು ಮಾಡಲು ಶುದ್ಧ ನೀರು ಹಾಕಬೇಕು. ಪದವಿ ತರಗತಿಯಲ್ಲಿ ಕಲಿತದ್ದು ಹಾಗೆ. ಹಾಕಿದೆ. ಕಣ್ಣೆದುರೇ ಮಬ್ಬು ಹೋಗಿ ದ್ರಾವಣ ತಿಳಿಯಾಯಿತು. ಗಾಜಿನ ಕಡ್ಡಿ ಆಡಿಸಿದರೆ ಬೆಂಡೆಕಾಯಿಯ ಲೋಳೆಯಂತೆ ಎಳೆ ಎದ್ದಿತು.

ಹಿಂದೆ ನಿಂತಿದ್ದ ಕಾಕಾ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಣಸೂ ಕೆಲಸ ಉಳೀಲಿಲ್ಲ ಬಿಡ್ರಿ, ಅಕ್ಕಾರ. ಎಲ್ಲಾರನ್ನೂ ಒಮ್ಮೆಗೇ ಕಳಿಸಿಬಿಟ್ರಿ."

"ಶುದ್ಧ ನೀರು ಹಾಕಿದೆ, ಕಾಕಾ."

"ಅದಕ್ಕ ಸತ್ತಾವ. ಹೊಲಸ ನೀರು ಹಾಕಿದ್ರೂ ಸಾಯ್ತಿದ್ವು. ಇವಕ್ಕ ಉಪ್ಪಿಲ್ಲದ ನೀರ ಅಂದ್ರ ವಿಷ. ಮೈ ಒಡದು ಹೋಗ್ತಾವ. ಈ ಲೋಳಿ ಅದ ಅಲ್ಲಾ, ಅದು ಅವರ ವಂಶಾವಳಿ."

ಡಿ.ಎನ್.ಎ.ಗೆ ವಂಶಾವಳಿ ಎನ್ನುವುದಕ್ಕಿಂತ ಸರಿಯಾದ ಮಾತನ್ನು ನಾನು ಈವರೆಗೆ ಕೇಳಿಲ್ಲ.

ಇವು ಉಪ್ಪುಪ್ರಿಯ ಜೀವಿಗಳು. ಬ್ಯಾಕ್ಟೀರಿಯಾ ಎಂದು ಕರೆಸಿಕೊಂಡರೂ ಆ ಕುಲಕ್ಕೆ ಸೇರಿದವಲ್ಲ. ಆರ್ಕಿಯಾ ಎಂಬ ಬೇರೆಯೇ ಹಳೆಯ ಮನೆತನ. ಸಮುದ್ರಕ್ಕಿಂತ ಐದಾರು ಪಟ್ಟು ಉಪ್ಪಿರುವ ಆಗರಗಳಲ್ಲಿ, ಹೆಚ್ಚಿನ ಜೀವಿಗಳು ಕಾಲಿಡದ ಕಡೆ, ಆರಾಮವಾಗಿ ಬದುಕುತ್ತವೆ. ಅಲ್ಲಿ ಅವಕ್ಕಿರುವ ಸಂಕಟ ಒಂದೇ: ಅಷ್ಟು ಗಟ್ಟಿ ಉಪ್ಪುನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದಿಲ್ಲ. ಉಸಿರು ಸಾಲದಾದಾಗ ಇವು ತಮ್ಮ ಹೊರಪೊರೆಯ ಮೇಲೆ ನೇರಳೆ ಬಣ್ಣದ ತೇಪೆಗಳನ್ನು ಹಚ್ಚಿಕೊಂಡು ಬೆಳಕಿನ ಮೇಲೆ ಬದುಕಲಾರಂಭಿಸುತ್ತವೆ. ಹಸಿರೆಲೆಯ ದಾರಿ ಇದಲ್ಲ. ಇದರಲ್ಲಿ ಹಸಿರೂ ಇಲ್ಲ, ಗಾಳಿಯಿಂದ ಸಕ್ಕರೆ ಕಟ್ಟುವ ಪವಾಡವೂ ಇಲ್ಲ.

ಆ ದಾರಿ ಯಾವುದೆಂದು ಪುಸ್ತಕದ ಹದಿನೆಂಟು ಪುಟಗಳನ್ನು ಓದಿಯೂ ತಿಳಿಯದೆ ನಾನು ತಲೆ ಹಿಡಿದು ಕೂತಿದ್ದಾಗ ಕಾಕಾ ಬಂದು ಎದುರಿನ ಸ್ಟೂಲು ಎಳೆದುಕೊಂಡರು.

"ನಿಮ್ಮ ಹಾಸ್ಟೆಲ್‌ನಾಗ ನೀರು ಯಾವಾಗ ಬರ್ತದ?"

"ಮುಂಜಾನೆ ಆರಕ್ಕ."

"ಬಂದದ್ದು ನೆಲದಾಗಿನ ಹೌದಿಗೆ ಬೀಳ್ತದ. ಅಲ್ಲೇ ನಿಂತ್ರ ಅದೇನರ ಕೆಲಸ ಮಾಡ್ತದೇನು? ಇಲ್ಲ. ಪಂಪು ಅದನ್ನ ಮ್ಯಾಲಿನ ಟಾಕಿಗೆ ಏರಸ್ತದ. ಏರಿದ ನೀರಿಗೆ ಕೆಳಗ ಇಳಿಯೂ ಅವಸರ. ಆ ಇಳಿಯೂ ದಾರ್ಯಾಗ ಒಂದು ಗಿರಣಿ ಇಟ್ರ ಗಾಲಿ ತಿರಗತದ, ಹಿಟ್ಟು ಬೀಳ್ತದ. ಆ ಹಿಟ್ಟಿನ ಮ್ಯಾಲ ಮನಿ ನಡೀತದ. ಇಷ್ಟ ಕತಿ."

"ಇದರಾಗ ಪಂಪು ಯಾವುದು?"

"ನೇರಳಿ ಬಣ್ಣ."

"ಪಂಪಿಗೆ ಕರೆಂಟು?"

"ಸೂರ್ಯಾ. ಅವನದೂ ಲೋಡ್ ಶೆಡ್ಡಿಂಗ್ ಅದ, ಖರೆ ಟಾಯಮ್ ತಪ್ಪೂದಿಲ್ಲ."

ಮರುದಿನ ಪುಸ್ತಕ ತೆರೆದರೆ ಎಲ್ಲವೂ ಅಲ್ಲೇ ಇತ್ತು. ಕಾಕಾ ನೀರೆಂದದ್ದು ಪ್ರೋಟಾನು. ನೇರಳೆ ತೇಪೆಯಲ್ಲಿರುವ ಪ್ರೋಟೀನು ಒಂದು ಬೆಳಕಿನ ಕಣ ಬಿದ್ದೊಡನೆ ಮೈ ಮುರಿದು, ಕೋಶದೊಳಗಿನ ಒಂದು ಪ್ರೋಟಾನನ್ನು ಹೊರಕ್ಕೆ ದಾಟಿಸುತ್ತದೆ. ಹೊರಗೆ ಗುಂಪುಗೂಡಿದ ಪ್ರೋಟಾನುಗಳು ಒಳಗೆ ಬರಲು ನೂಕಾಡುತ್ತವೆ. ಒಳಬರುವ ಬಾಗಿಲಿನಲ್ಲಿ ನಿಜವಾಗಿಯೂ ತಿರುಗುವ ಕಿಣ್ವವೊಂದಿದೆ. ಅದು ತಿರುಗಿದಂತೆಲ್ಲ ಎ.ಟಿ.ಪಿ. ಎಂಬ ಶಕ್ತಿಯ ಹಿಟ್ಟು ಬೀಳುತ್ತದೆ. ಬೆಳಕನ್ನು ಹಿಡಿಯುವ ವಸ್ತು ನಮ್ಮ ಕಣ್ಣಿನ ಒಳಪರದೆಯಲ್ಲಿರುವಂಥದ್ದೇ. "ನಮಗ ಬರೇ ಎರಡು ಕಣ್ಣು, ಇವಕ್ಕ ಮೈತುಂಬ" ಎನ್ನುತ್ತಿದ್ದರು ಕಾಕಾ. "ಖರೆ ನಾವು ಕಣ್ಣಿಂದ ಬರೇ ನೋಡ್ತೀವಿ. ಇವು ಉಣ್ತಾವ."

ಈ ಜೀವಿಗಳನ್ನು ಅವರು ಹುಡುಕಿ ತಂದ ರೀತಿಯನ್ನು ಯಾವ ಪ್ರಬಂಧದ ವಿಧಾನ ವಿಭಾಗದಲ್ಲಿಯೂ ಬರೆಯಲಾಗದು. ಸಮುದ್ರದಂಚಿನ ಆಗರಗಳಿಂದ ತಂದದ್ದಿತ್ತು, ಕಿರಾಣಿ ಅಂಗಡಿಯ ಹರಳುಪ್ಪಿನಿಂದ ಎಬ್ಬಿಸಿದ್ದಿತ್ತು. ಒಂದನ್ನು ಮೀನಿನ ಮೇಲಿಂದ ತಂದರು. ವಿಭಾಗದ ಹತ್ತಿರ ಕರಾವಳಿಯವರದೊಂದು ಊಟದ ಹೋಟೆಲಿತ್ತು. ನಾನು ಮೊಸರನ್ನ ತಿನ್ನುತ್ತಿದ್ದಾಗಲೇ ಅದರ ಮಾಲಕರು, ಊರಿನಿಂದ ತರಿಸಿದ ಉಪ್ಪುಮೀನಿಗೆ ಕೆಂಪು ಹಿಡಿದು ಹಾಳಾಯಿತೆಂದು ಗೊಣಗುತ್ತಿದ್ದರು. ಚಹಾ ಕುಡಿಯುತ್ತಿದ್ದ ಕಾಕಾ ಲೋಟ ಕೆಳಗಿಟ್ಟರು.

"ಎಸೀಬ್ಯಾಡ್ರಿ ಶೆಟ್ಟರ. ನನಗ ಕೊಡ್ರಿ."

"ಎಂತ ಮಾರಾಯ್ರೆ, ಮೊಟ್ಟೆ ಹಾಕಿದ ಕೇಕನ್ನೂ ನೀವು ಮುಟ್ಟುವುದಿಲ್ಲ. ಈ ಹಾಳು ಮೀನು ನಿಮಗೆ ಎಂತಕ್ಕೆ?"

"ಮೀನು ನಿಮ್ಮದ ಇರಲಿ. ಅದರ ಮ್ಯಾಲ ನಮ್ಮ ಮಂದಿ ಕೂತಾರ, ಅವರನ್ನ ಕರಕೊಂಡ ಹೋಗ್ತೀನಿ."

"ಮೀನು ಬಿಟ್ಟು ಅವರು ಬರ್ತಾರಾ?"

"ಇಲ್ಲ. ಅದಕ್ಕ ಎರಡೂ ಕೊಡ್ರಿ."

ಪ್ರಯೋಗಾಲಯಕ್ಕೆ ರಜೆಯಿದ್ದುದರಿಂದ ಅದನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆಂದು ಹಡಪಸರದ ಬಸ್ಸು ಹತ್ತಿದರು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಸುತ್ತಲಿನ ಸೀಟುಗಳು ಖಾಲಿಯಾದವು. "ಡಬ್ಯಾತ್ ಕಾಯ್ ಆಹೆ, ಕಾಕಾ?" ಎಂದು, ಡಬ್ಬಿಯಲ್ಲಿ ಏನಿದೆಯೆಂದು, ಕಂಡಕ್ಟರ್ ಕೇಳಿದ. "ಮುಲಾಂಚಾ ಅಭ್ಯಾಸ್" ಎಂದರು ಕಾಕಾ, ಮಕ್ಕಳ ಓದು ಎಂಬ ಅರ್ಥದಲ್ಲಿ. ಓದು ಇಷ್ಟು ನಾರುವುದಾದರೆ ತಾನು ಏಳನೆಯ ಇಯತ್ತೆಗೇ ಬಿಟ್ಟದ್ದು ಒಳ್ಳೆಯದಾಯಿತೆಂದು ಅವನು ಮರಾಠಿಯಲ್ಲೇ ಹೇಳಿ ಮುಂದೆ ಹೋದನಂತೆ. ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕೂ, ಆ ಡಬ್ಬಿಯನ್ನು ಮತ್ತೆ ಒಳಗೆ ಸೇರಿಸಲಿಲ್ಲ. ವಿಭಾಗದ ಅತ್ಯಂತ ಗಾಢ ನೇರಳೆಯ ತಳಿ ಆ ಮೀನಿನದು.

ಪಾಲಖಿಯ ದಿನದ ಕಥೆಯನ್ನೂ ಹೇಳಬೇಕು. ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ಪಾಲಖಿ ಪುಣೆಯಿಂದ ಸಾಸವಡಕ್ಕೆ ಹೊರಡುವ ದಿನ ಹಡಪಸರದ ರಸ್ತೆಯಲ್ಲಿ ಬಸ್ಸಿರುವುದಿಲ್ಲ. ದೀಪದ ಕೆಳಗೆ ಬೆಳೆಯುತ್ತಿದ್ದ ದ್ರಾವಣ ಒಣಗಿಹೋದೀತೆಂದು ಕಾಕಾ ಅವತ್ತು ನಡೆದೇ ಹೊರಟರು. ಸಾವಿರಾರು ವಾರಕರಿಗಳು ಒಂದು ದಿಕ್ಕಿಗೆ, ಇವರೊಬ್ಬರು ಎದುರು ದಿಕ್ಕಿಗೆ. ದಾರಿಯುದ್ದಕ್ಕೂ ಜನ ಅವರನ್ನು ತಿರುಗಿಸಿ ಸರಿದಾರಿ ತೋರಿಸಿದರಂತೆ. ಕೊನೆಗೆ ವಿಭಾಗ ಮುಟ್ಟಿದಾಗ ಹಣೆಯ ಮೇಲೆ ಗಂಧ, ಕೈಯಲ್ಲಿ ಆರು ಬಾಳೆಹಣ್ಣು, ಜೇಬಿನಲ್ಲಿ ರಾಜಗಿರಿ ಲಾಡು. "ಎಲ್ಲಾರೂ ಪಂಢರಪುರಕ್ಕ ಹೊಂಟಾರ, ನೀವು ಎಲ್ಲಿಗೆ ಅಂತ ಒಬ್ಬಾಕಿ ಕೇಳಿದ್ಲು. ನಮ್ಮ ದೇವರಿಗೆ ನೀರು ಕಡಿಮಿ ಬಿದ್ದಾವ ಅಂದೆ" ಎಂದು ಹೇಳುತ್ತ ಬಾಳೆಹಣ್ಣು ಹಂಚಿದರು.

ಇಷ್ಟರಿಂದ ಅವರನ್ನು ಬರಿಯ ವಿನೋದದ ಮನುಷ್ಯ ಎಂದುಕೊಳ್ಳಬಾರದು. ನಮ್ಮ ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರಿಗೆ ನಾನು ಒಂದು ಪ್ರಯೋಗ ತೋರಿಸಬೇಕಿತ್ತು. ನೇರಳೆ ಜೀವಿಗಳಿರುವ ಉಪ್ಪುನೀರಿನಲ್ಲಿ ಆಮ್ಲೀಯತೆ ಅಳೆಯುವ ಮೀಟರಿನ ಕಡ್ಡಿ ಇಳಿಬಿಡುವುದು. ಸ್ಲೈಡ್ ಪ್ರೊಜೆಕ್ಟರಿನ ಬೆಳಕು ಹಾಯಿಸುವುದು. ಪ್ರೋಟಾನುಗಳು ಹೊರಬರುವುದರಿಂದ ನೀರು ಹುಳಿಯಾಗಿ ಮೀಟರಿನ ಮುಳ್ಳು ಸರಿಯುತ್ತದೆ. ದೀಪ ಆರಿಸಿದರೆ ಮರಳುತ್ತದೆ. ಸರಿಯಿತು, ಮರಳಿತು. ಪರೀಕ್ಷಕರು ಮೂಗು ಮುರಿದರು. ದೀಪದ ಶಾಖಕ್ಕೂ ಮುಳ್ಳು ಸರಿಯಬಹುದು, ಇದರಿಂದ ಏನು ಸಿದ್ಧವಾಯಿತು ಎಂದರು. ದೀಪದೆದುರು ಶಾಖ ಹೀರಲು ನೀರಿನ ಸೀಸೆ ಇಟ್ಟದ್ದನ್ನು ತೋರಿಸಿದೆ, ಅವರು ಒಪ್ಪಲಿಲ್ಲ.

ಸಹಾಯಕರು ಪರೀಕ್ಷೆಯ ನಡುವೆ ಬಾಯಿ ಹಾಕುವಂತಿಲ್ಲ. ಕಾಕಾ ಬಾಯಿ ಹಾಕಲಿಲ್ಲ. ಹೊರಗೆ ಹೋಗಿ, ಗಣಪತಿ ಮಂಟಪದ ಅಲಂಕಾರಕ್ಕೆ ತಂದು ಉಳಿದಿದ್ದ ಜಿಲೆಟಿನ್ ಹಾಳೆಗಳನ್ನು, ಒಂದು ಕೆಂಪು, ಒಂದು ಹಸಿರು, ನನ್ನ ಮೇಜಿನ ಮೇಲಿಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಎರಡು ಕ್ಷಣ ಬೇಕಾಯಿತು ನನಗೆ. ದೀಪಕ್ಕೆ ಕೆಂಪು ಹಾಳೆ ಹಿಡಿದೆ. ಮುಳ್ಳು ಅಲುಗಿತೋ ಇಲ್ಲವೋ ಎಂಬಂತಿತ್ತು. ಹಸಿರು ಹಿಡಿದೆ, ಸರ್ರನೆ ಸರಿಯಿತು. ನೇರಳೆ ಬಣ್ಣ ಹೀರುವುದು ಹಸಿರು ಹಳದಿ ಬೆಳಕನ್ನು. ಬರಿಯ ಶಾಖವಾಗಿದ್ದರೆ ಎರಡರಲ್ಲೂ ಒಂದೇ ಆಗಬೇಕಿತ್ತು. ಪರೀಕ್ಷಕರು ನನಗೆ ಭೇಷ್ ಎಂದರು. ಈ ಉಪಾಯ ಯಾರದೆಂದು ನಾನು ಹೇಳಲಿಲ್ಲ. ಲೆಕ್ಕ ಕೇಳಲು ಹೊರಟವಳು ನನ್ನ ಲೆಕ್ಕವನ್ನೂ ಒಪ್ಪಿಸಬೇಕಾದ್ದರಿಂದ ಇದನ್ನು ಇಲ್ಲಿ ಬರೆದಿದ್ದೇನೆ.

ಆ ತಳಿಗಳ ಮೇಲೆ ವಿಭಾಗದಿಂದ ಹೊರಬಂದ ಒಂದು ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯ ಸಾಲುಗಳಿವೆ. ಟೈಪು ಮಾಡಿದವರಿಗೆ, ಫೋಟೋ ತೆಗೆದವರಿಗೆ, ಉಪ್ಪು ಪೂರೈಸಿದ ಅಂಗಡಿಗೂ ಕೃತಜ್ಞತೆಯಿದೆ. ಕಾಕಾನಿಗಿಲ್ಲ. ನಾನು ಅದನ್ನು ಕೆರಳಿ ತೋರಿಸಿದಾಗ ಅವರು ಕನ್ನಡಕ ಏರಿಸಿ ಓದಿ, "ಅಂಗಡಿಯವ ಉಪ್ಪು ಚಲೋನ ಕೊಟ್ಟಿದ್ದ" ಎಂದರು.

ಇನ್ನು ಬಾಟಲಿಗಳ ವಿಷಯ. ತಳಿಗಳನ್ನು ಶೀತಪೆಟ್ಟಿಗೆಯಲ್ಲಿಡುವುದು ಎಲ್ಲ ಕಡೆಯ ರೂಢಿ. ನಮ್ಮಲ್ಲಿ ವಿದ್ಯುತ್ತು ಹೋಗಿ ಪೆಟ್ಟಿಗೆ ಕರಗಿದ್ದು ಹಲವು ಸಲ. ಕಾಕಾ ಬೇರೆ ಹಾದಿ ಹಿಡಿದಿದ್ದರು. ಪ್ರತಿ ಮೇ ತಿಂಗಳಲ್ಲಿ ಒಂದೊಂದು ತಳಿಯನ್ನೂ ಗಟ್ಟಿ ಉಪ್ಪುನೀರಿನಲ್ಲಿ ಬೆರೆಸಿ, ಅಗಲವಾದ ಗಾಜಿನ ತಟ್ಟೆಗಳಲ್ಲಿ ಹೊಯ್ದು, ತೆಳುಬಟ್ಟೆ ಮುಚ್ಚಿ, ಹಪ್ಪಳ ಸಂಡಿಗೆಯ ಹಾಗೆ ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು. ನೀರು ಆರಿ ಹರಳು ಕಟ್ಟುವಾಗ ಒಂದೊಂದು ಹರಳಿನೊಳಗೂ ಕಣ್ಣಿಗೆ ಕಾಣದ ಉಪ್ಪುನೀರಿನ ಹನಿಗಳು ಸಿಕ್ಕಿಕೊಳ್ಳುತ್ತವೆ. ಆ ಹನಿಗಳಲ್ಲಿ ಈ ಜೀವಿಗಳು ವರ್ಷಗಟ್ಟಲೆ ಸುಮ್ಮನೆ ಉಳಿಯುತ್ತವೆ. ಗುಲಾಬಿ ಬಣ್ಣದ ಆ ಹರಳುಗಳನ್ನು ಬಾಟಲಿಗೆ ತುಂಬಿ, ಸಂಖ್ಯೆ ಬರೆದು, ಕಪಾಟಿನಲ್ಲಿ ಸಾಲಾಗಿ ಇಡುತ್ತಿದ್ದರು. ಯಾವುದು ಎಲ್ಲಿಯದು, ಎಷ್ಟು ಉಪ್ಪಿನಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ವಾರಕ್ಕೆ ಎಚ್ಚರಗೊಳ್ಳುತ್ತದೆ ಎಂಬುದೆಲ್ಲ ಒಂದು ಉದ್ದನೆಯ ವಹಿಯಲ್ಲಿ, ಕನ್ನಡದಲ್ಲಿ. ನಿವೃತ್ತಿಯ ದಿನ ಆ ವಹಿಯನ್ನು ವಿಭಾಗಕ್ಕೆ ಒಪ್ಪಿಸಿ ಸ್ವೀಕೃತಿಯ ಸಹಿ ಪಡೆದರು.

ಈಗ ನಾನು ಪುಣೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಅದೇ ಮುಳ್ಳು ಸರಿಯುವ ಪ್ರಯೋಗ ತೋರಿಸಲೆಂದು ಮೀನಿನ ತಳಿಯ ನಾಲ್ಕು ಹರಳು ಕೇಳಲು ವಿಭಾಗಕ್ಕೆ ಹೋದಾಗ ಖಾಲಿ ಕಪಾಟು ಕಂಡೆ. ಉಗ್ರಾಣದವರು ವಿಲೇವಾರಿ ಪುಸ್ತಕ ತೋರಿಸಿದರು. ಮುಖ್ಯಸ್ಥರ ಬಳಿ ಹೋದೆ. ದಾಖಲೆಯಲ್ಲಿ ಇಲ್ಲದ ವಸ್ತು ತಮ್ಮ ಪಾಲಿಗೆ ಇಲ್ಲವೇ ಇಲ್ಲ ಎಂದರು. ಅವರು ಹಾಗೆನ್ನುವಾಗ ದಾಖಲೆಯ ಆ ವಹಿ ಅವರ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿಯೇ ಇತ್ತು, ಬೆರಳು ತೋರಿಸಿದೆ. ಅದು ಯಾವ ಭಾಷೆಯದೋ ತಮಗೆ ತಿಳಿಯದು ಎಂದರು. ಕನ್ನಡ ಓದಬಲ್ಲವರನ್ನು ಪುಣೆಯಲ್ಲಿ ಹುಡುಕುವುದು ಅಷ್ಟು ಕಷ್ಟವೇ? ಅವರು ದಿನವೂ ಊಟಕ್ಕೆ ಹೋಗುವ ಹೋಟೆಲಿನ ಗಲ್ಲೆಯ ಮೇಲೆಯೇ ಒಬ್ಬರು ಕೂತಿರುತ್ತಾರೆ. ಉಳಿದ ಏಳು ಬಾಟಲಿಗಳನ್ನಾದರೂ ಕೊಡಿ ಎಂದೆ. ವಿಲೇವಾರಿಗೆ ಗುರುತಾದ ವಸ್ತುವನ್ನು ಹೊರಗಿನವರಿಗೆ ಕೊಡಲು ನಿಯಮವಿಲ್ಲ ಎಂದರು. ಸುರಿಯಲು ನಿಯಮವಿದೆ.

ಸುದ್ದಿ ಹೇಳಲು ಹಡಪಸರಕ್ಕೆ ಹೋದೆ. ಮಗರಪಟ್ಟಾದ ಐ.ಟಿ. ಗೋಪುರಗಳ ಎದುರಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಕಾಕಾ ಮೊದಲು ಕೇಳಿದ್ದು ನೀರಿನ ವಿಷಯ.

"ಯಾವ ನೀರಾಗ ಹಾಕಿದ್ರಂತ?"

"ನಳದ ನೀರಾಗ."

"ಹಂಗಾದ್ರ ಭಾಳ ತ್ರಾಸ ಆಗಿರೂದಿಲ್ಲ. ಕ್ಷಣದಾಗ ಮುಗದಿರತದ." ಕನ್ನಡಕ ಹಾಕಿಕೊಂಡರು. "ಉಳದದ್ದು ಯಾವು?"

ಉಗ್ರಾಣದಲ್ಲಿ ಬರೆದುಕೊಂಡು ಬಂದಿದ್ದ ಏಳು ಸಂಖ್ಯೆಗಳನ್ನು ಓದಿದೆ. ಒಂದೊಂದಕ್ಕೂ ಅವರ ಮುಖ ಬೇರೆ ಬೇರೆಯಾಯಿತು.

"ಮೀನಿಂದು ಅದ. ಚಲೋ ಆತು. ಆದ್ರ ಹತ್ತೊಂಬತ್ತನೇದ್ದು ಭಾಳ ಸೊಕ್ಕಿಂದು, ಆರು ವಾರ ಕಾದ್ರೂ ಏಳೂದಿಲ್ಲ, ಸತ್ತದ ಅಂತ ಚೆಲ್ಲಿಬಿಡ್ತಾರ. ಅದಕ್ಕ ಮೊದಲು ಕತ್ತಲಿಯೊಳಗ ಇಟ್ಟು ಆಮ್ಯಾಲೆ ಬೆಳಕು ತೋರಸಬೇಕು. ಬರದೇನಿ, ಖರೆ ಬರದದ್ದು ಸಾಲೂದಿಲ್ಲ, ಕೈ ಬೇಕು."

"ನೀವ ಬಂದು ಎಬ್ಬಸ್ತೀರೇನು?"

"ಕರದ್ರ ಬರ್ತೀನಿ. ಕರೀಲಿಲ್ಲಂದ್ರೂ ಬರ್ತೀನಿ."

ಕಾಕೂ ಒಳಗಿನಿಂದಲೇ, "ಹೋಗ್ರಿ, ಆದ್ರ ನನ್ನ ಡಬ್ಬಿ ಒಯ್ಯಬ್ಯಾಡ್ರಿ" ಎಂದರು.

ಮರುದಿನ ಇಸ್ತ್ರಿ ಅಂಗಿ ತೊಟ್ಟು ಹೋದರಂತೆ. ಗೇಟಿನವನು ಹೊಸಬ. ನಿವೃತ್ತರಿಗೆ ಪಾಸಿಲ್ಲದೆ ಒಳಗೆ ಪ್ರವೇಶವಿಲ್ಲ ಎಂದ. ಒಳಗೆ ಫೋನು ಹೋಯಿತು. ಒಳಗಿನಿಂದ ಬೇಡ ಎಂಬ ಉತ್ತರ ಬಂತು. ಎರಡು ತಾಸು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು, ಗೇಟಿನವನಿಗೆ ಅವನ ಊರಿನ, ಸಾಂಗಲಿ ಮಾರ್ಗದ ಬಸ್ಸುಗಳ ಸಮಯವನ್ನೆಲ್ಲ ಹೇಳಿಕೊಟ್ಟು, ಮನೆಗೆ ಮರಳಿದರು. "ಹುಡುಗ ಚಲೋ ಇದ್ದಾನ್ರಿ, ಅವನದೇನು ತಪ್ಪಿಲ್ಲ" ಎಂದರು ನನಗೆ. ತಪ್ಪು ಯಾರದೆಂಬುದನ್ನು ಅವರು ಎಂದೂ ಹೇಳುವವರಲ್ಲ. ಆದ್ದರಿಂದಲೇ ನಾನು ಹೇಳಬೇಕಾಗಿದೆ.

ವಿಭಾಗದ ಮುಖ್ಯಸ್ಥರಲ್ಲಿಯೂ ವಿಲೇವಾರಿ ಸಮಿತಿಯ ಮೂವರಲ್ಲಿಯೂ ನನ್ನ ವಿನಂತಿ ಹೀಗಿದೆ. ಇದರ ಇಂಗ್ಲಿಷ್ ಮತ್ತು ಮರಾಠಿ ಪ್ರತಿಗಳನ್ನು ಈಗಾಗಲೇ ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆದಿದ್ದೇನೆ. ಭಾಷೆ ತಿಳಿಯಲಿಲ್ಲ ಎಂಬ ಕಾರಣ ಈ ಸಲ ಒದಗುವುದಿಲ್ಲ. ಏಳು ಬಾಟಲಿಗಳ ವಿಲೇವಾರಿ ಆದೇಶವನ್ನು ಲಿಖಿತವಾಗಿ ಹಿಂಪಡೆಯಬೇಕು. 'ಬಣ್ಣಗೆಟ್ಟ ಹಳೆಯ ಉಪ್ಪು' ಎಂಬ ನಮೂದನ್ನು ತಿದ್ದಿ, ಸುರಿದದ್ದು ಏನು, ಪರೀಕ್ಷಿಸದೆ ಸುರಿಯಲು ನಿರ್ಧರಿಸಿದವರು ಯಾರು ಎಂಬುದನ್ನು ಅದೇ ಪುಟದಲ್ಲಿ ಬರೆಯಬೇಕು. ವಹಿಯನ್ನು ಅನುವಾದಿಸಿಕೊಡಲು ನಾನು ಸಿದ್ಧಳಿದ್ದೇನೆ. ನಿಮ್ಮ ನಿವೃತ್ತ ಸಹಾಯಕರಿಗೆ ಹತ್ತು ವಾರಗಳ ಪ್ರವೇಶಪತ್ರ, ಒಂದು ಮೇಜು, ಒಂದು ದೀಪ, ತಳಿ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ಒಂದು ಅರೆಯನ್ನು ಒದಗಿಸಬೇಕು. ಇದು ಅಚ್ಚಾದ ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಇವೇ ಪ್ರಶ್ನೆಗಳನ್ನು ಕೇಳುತ್ತೇನೆ, ಮತ್ತು ಬಂದ ಉತ್ತರವನ್ನು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇನೆ.

ಉತ್ತರದ ಒಂದು ಪ್ರತಿ ಅವರ ಮನೆಗೂ ಹೋಗಲಿ. ವಿಳಾಸ ನಿಮ್ಮದೇ ಪಿಂಚಣಿ ಕಡತದಲ್ಲಿದೆ. ಹದಿನಾರನೆಯ ದಿನ ಬೆಳಿಗ್ಗೆ ಹತ್ತೂವರೆಗೆ, ಕಚೇರಿ ತೆರೆಯುವ ಹೊತ್ತಿಗೆ, ಅವರು ಮತ್ತೆ ಗೇಟಿಗೆ ಬರುತ್ತಾರೆ. ಜೊತೆಯಲ್ಲಿ ನಾನೂ, ನನ್ನ ತರಗತಿಯ ಇಪ್ಪತ್ತಾರು ವಿದ್ಯಾರ್ಥಿಗಳೂ ಇರುತ್ತೇವೆ. ಅವರನ್ನು ಒಳಗೆ ಕರೆಯಲು ಮೂವರಲ್ಲಿ ಒಬ್ಬರು ಗೇಟಿನವರೆಗೆ ನಡೆದು ಬರಬೇಕೆಂದು ಕೋರುತ್ತೇನೆ.